ಬೆಕ್ಕಿಗೆ ಕಬಾಬ್, ಚಿಪ್ಸ್, ಒಣಮೀನು ಕೊಡಬಹುದಾ? ಕೊಡುವುದಾದರೆ ಹೇಗೆ?

ಎರಡು ವರ್ಷದ ಹಿಂದೆ ಹೊಸತೊಡಕಿನ ದಿನ ಮನೆ ತುಂಬ ನೆಂಟರು. ಮಕ್ಕಳೆಲ್ಲ ಸೇರಿ ನಮ್ಮ ಚಿನ್ನಿಗೆ ತಟ್ಟೆಯಿಂದ ಒಂದೊಂದೇ ತುಂಡು ಹಾಕುತ್ತಿದ್ದರು. ಮಟನ್ ಸಾರಿನ ಕೊಬ್ಬಿನ ತುಂಡು, ಕಬಾಬಿನ ತುದಿ, ಗಟ್ಟಿ ಮಸಾಲೆ ಅಂಟಿಕೊಂಡಿದ್ದ ಮೂಳೆ. ಅವಳು ನೆಕ್ಕಿ ನೆಕ್ಕಿ ತಿಂದಳು, ನಾವೂ ಖುಷಿಯಾಗಿ ನೋಡುತ್ತಾ ಕೂತೆವು. ರಾತ್ರಿ ಎರಡು ಸಲ ವಾಂತಿ ಮಾಡಿದಳು. ಜಾಸ್ತಿ ತಿಂದಿದ್ದಕ್ಕೆ ಅಂದುಕೊಂಡು ಸುಮ್ಮನಾದೆವು. ಮೂರನೇ ದಿನ ಮಂಚದ ಕೆಳಗಿಂದ ಹೊರಗೇ ಬರಲಿಲ್ಲ. ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ತುಟಿ ಮೇಲೆತ್ತಿ ನೋಡಿದೆ. ಯಾವಾಗಲೂ ತಿಳಿ ಗುಲಾಬಿ ಇರುತ್ತಿದ್ದ ಒಸಡು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

ಡಾಕ್ಟರ್ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಈರುಳ್ಳಿ ಹಾಕಿದ್ದು ಏನಾದ್ರೂ ತಿಂದಿದೆಯಾ?"

ಚಿನ್ನಿ ಬದುಕಿಕೊಂಡಳು. ಆದರೆ ಆ ಪ್ರಶ್ನೆ ನನಗೆ ಹೊಸದಾಗಿತ್ತು. ಎಣ್ಣೆ ಪದಾರ್ಥ ಒಳ್ಳೆಯದಲ್ಲ, ಉಪ್ಪು ಒಳ್ಳೆಯದಲ್ಲ ಅಂತ ಗೊತ್ತಿತ್ತು. ಅವೆರಡರ ಜೊತೆ ನಮ್ಮ ಅಡುಗೆಯಲ್ಲಿ ಇನ್ನೊಂದು ಸೇರಿರುತ್ತದೆ, ಬೆಕ್ಕಿನ ಮಟ್ಟಿಗೆ ಅದೇ ದೊಡ್ಡ ವಿಷ ಅಂತ ಗೊತ್ತಿರಲಿಲ್ಲ. ಅವತ್ತಿನಿಂದ ನಮ್ಮ ಅಡುಗೆಮನೆಯಲ್ಲಿ ಒಂದೇ ಕಟ್ಟುನಿಟ್ಟು: ಉಪ್ಪು ಹಾಕುವ ಮುಂಚೆ, ಒಗ್ಗರಣೆಗೆ ಮುಂಚೆ, ಬೆಕ್ಕಿನ ಪಾಲು ತೆಗೆದಿಡಬೇಕು. ತಟ್ಟೆಗೆ ಬಂದಮೇಲೆ ಅದು ನಮ್ಮ ಊಟ, ಅವಳದ್ದಲ್ಲ.

ಒಂದೊಂದಾಗಿ ನೋಡೋಣ. ಮೊದಲು ಎಣ್ಣೆ, ಕೊಬ್ಬು.

ಕೊಬ್ಬು ಬೆಕ್ಕಿಗೆ ವಿಷವಲ್ಲ. ಅದು ಮಾಂಸಾಹಾರಿ ಪ್ರಾಣಿ, ಇಲಿ ಹಿಡಿದು ತಿಂದಾಗ ಕೊಬ್ಬನ್ನೂ ತಿನ್ನುತ್ತದೆ, ಅರಗಿಸಿಕೊಳ್ಳುತ್ತದೆ. ನಾಯಿಗಳಲ್ಲಿ ಒಂದೇ ಸಲ ಜಾಸ್ತಿ ಕೊಬ್ಬು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು ಚೆನ್ನಾಗಿ ಗೊತ್ತಿರುವ ವಿಷಯ, ಬೆಕ್ಕುಗಳಲ್ಲಿ ಆ ಸಂಬಂಧ ಅಷ್ಟು ಖಚಿತವಾಗಿಲ್ಲ. ಹಾಗಂತ ಕರಿದಿದ್ದೆಲ್ಲ ಕೊಡಿ ಅಂತ ಅರ್ಥವಲ್ಲ. ಅಭ್ಯಾಸವಿಲ್ಲದ ಎಣ್ಣೆ ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಲೆಕ್ಕದ್ದು. 4 ಕೆಜಿ ತೂಗುವ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಸಾಕು. ಒಂದು ಟೀ ಚಮಚ ತುಪ್ಪದಲ್ಲಿ 40ಕ್ಕೂ ಜಾಸ್ತಿ ಕ್ಯಾಲೊರಿ ಇರುತ್ತದೆ. ಅನ್ನಕ್ಕೆ ಪ್ರೀತಿಯಿಂದ ಹಾಕುವ ಆ ಒಂದು ಚಮಚ ಅದರ ದಿನದ ಊಟದ ಐದನೇ ಒಂದು ಭಾಗ! 10 ಗ್ರಾಂ ಚಿಪ್ಸ್ ಅಂದರೆ ನಮಗೆ ಬಾಯಿಗೂ ಸಾಲದು, ಅದರಲ್ಲಿ 50 ಕ್ಯಾಲೊರಿ. ಹೀಗೆ ದಿನಾ ನಡೆದರೆ ಬೆಕ್ಕು ದಪ್ಪಗಾಗುತ್ತದೆ. ದಪ್ಪ ಬೆಕ್ಕು ನೋಡೋಕೆ ಮುದ್ದಾಗಿರುತ್ತದೆ, ನಿಜ, ಆದರೆ ಸಕ್ಕರೆ ಕಾಯಿಲೆ, ಕೀಲು ನೋವು ಅದರ ಹಿಂದೆಯೇ ಬರುತ್ತವೆ.

ಇಲ್ಲಿ ಬೆಣ್ಣೆಯ ವಿಷಯ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಕೂದಲು ಉಂಡೆ ಕಟ್ಟಿಕೊಂಡರೆ ಬೆಣ್ಣೆ ನೆಕ್ಕಿಸಿ ಅಂತ ಹೇಳುವವರಿದ್ದಾರೆ. ಬೆಣ್ಣೆ ಕರುಳಿನಲ್ಲಿ ಅರಗಿ ಹೋಗುತ್ತದೆ, ಉಂಡೆಯನ್ನು ಜಾರಿಸಿ ಹೊರಗೆ ಕಳಿಸುವುದಿಲ್ಲ. ದಿನಾ ಬಾಚುವುದೇ ಅದಕ್ಕಿಂತ ಎಷ್ಟೋ ವಾಸಿ.

ಇನ್ನು ಉಪ್ಪು. 4 ಕೆಜಿ ಬೆಕ್ಕಿಗೆ ದಿನಕ್ಕೆ ಬೇಕಾಗುವ ಸೋಡಿಯಂ ಸುಮಾರು 40 ಮಿಲಿಗ್ರಾಂ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲೇ 390 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅಂದರೆ ಅದಕ್ಕೆ ಬೇಕಾದ ಉಪ್ಪು ಒಂದು ಗ್ರಾಮಿನ ಹತ್ತನೇ ಒಂದು ಭಾಗ, ಬೆರಳ ತುದಿಗೆ ಅಂಟಿಕೊಳ್ಳುವಷ್ಟು. ಅಷ್ಟು ಉಪ್ಪು ಮಾಂಸದಲ್ಲೇ ಇರುತ್ತದೆ, ನಾವು ಮೇಲೆ ಹಾಕಬೇಕಾಗಿಲ್ಲ. "ಸಪ್ಪೆ ಇದೆ, ಪಾಪ ಹೇಗೆ ತಿನ್ನುತ್ತೆ" ಅನ್ನುವುದು ನಮ್ಮ ನಾಲಿಗೆಯ ಮಾತು.

ಆರೋಗ್ಯವಾಗಿರುವ ಬೆಕ್ಕು ಒಂದೆರಡು ಚಿಪ್ಸ್ ಕದ್ದು ತಿಂದರೆ ಗಾಬರಿ ಬೇಡ. ಪಕ್ಕದಲ್ಲಿ ನೀರಿದ್ದರೆ ಕುಡಿದು, ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಆದರೆ ಬೆಕ್ಕಿನ ಪೂರ್ವಜರು ಮರುಭೂಮಿಯ ಕಡೆಯವು, ಹಾಗಾಗಿ ಇವು ನೀರು ಕುಡಿಯುವುದೇ ಕಮ್ಮಿ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ತೊಂದರೆ ತುಂಬಾ ಸಾಮಾನ್ಯ, ಎಷ್ಟೋ ಸಲ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಕಿಡ್ನಿ ಬಹುಪಾಲು ಹಾಳಾಗಿರುತ್ತದೆ. ಹತ್ತು ವರ್ಷ ದಾಟಿದ ಬೆಕ್ಕಿಗೆ, ಹೃದಯದ ತೊಂದರೆ ಇರುವ ಬೆಕ್ಕಿಗೆ, ಪುಟ್ಟ ಮರಿಗೆ ಹಪ್ಪಳ, ಮಿಕ್ಸ್ಚರ್, ಕಾಂಗ್ರೆಸ್ ಕಡ್ಲೆಕಾಯಿ, ಉಪ್ಪಿನಕಾಯಿ ಹಾಕಿದ ಕೈತುತ್ತು, ಇವು ಯಾವುದೂ ಬೇಡವೇ ಬೇಡ. ಒಂದೇ ಸಲ ತುಂಬಾ ಉಪ್ಪು ಹೋದರೆ ವಿಪರೀತ ಬಾಯಾರಿಕೆ, ವಾಂತಿ, ತೂರಾಡುವುದು, ನಡುಕ, ಫಿಟ್ಸ್ ತನಕ ಹೋಗಬಹುದು.

ಈಗ ನಿಜವಾದ ವಿಷ. ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲಿರುವ ಗಂಧಕದ ಅಂಶ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆದು ಹಾಕುತ್ತದೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಬೆಕ್ಕಿನ ತೂಕದ ಪ್ರತಿ ಕೆಜಿಗೆ 5 ಗ್ರಾಂ ಈರುಳ್ಳಿ ಸಾಕು ತೊಂದರೆ ಮಾಡಲು. 4 ಕೆಜಿ ಬೆಕ್ಕಿಗೆ 20 ಗ್ರಾಂ, ಅಂದರೆ ಒಂದು ಸಣ್ಣ ಈರುಳ್ಳಿಯ ಅರ್ಧ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಹಾನಿ ಸೇರಿಕೊಳ್ಳುತ್ತದೆ. ನಮ್ಮ ಯಾವ ಮಾಂಸದ ಸಾರು ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಆಗುತ್ತದೆ ಹೇಳಿ? ರುಬ್ಬಿದ ಮಸಾಲೆ ಆದರಂತೂ ಕಣ್ಣಿಗೂ ಕಾಣುವುದಿಲ್ಲ, ಆರಿಸಿ ತೆಗೆಯುವ ಹಾಗೂ ಇಲ್ಲ. ತುಂಡನ್ನು ನಲ್ಲಿ ಕೆಳಗೆ ತೊಳೆದು ಕೊಡುತ್ತೇನೆ ಅನ್ನುವವರಿಗೆ ನಾನು ಹೇಳುವುದು, ಕಬಾಬ್, ಬಿರಿಯಾನಿಯ ತುಂಡಿನ ಒಳಗೂ ಮಸಾಲೆ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ. ಪ್ಯಾಕೆಟ್ ಚಿಪ್ಸ್‌ನಲ್ಲಿ ಕ್ರೀಮ್ ಅಂಡ್ ಆನಿಯನ್ ಅಂತ ಬರುತ್ತದಲ್ಲ, ಅದರ ಮೇಲಿರುವುದು ಈರುಳ್ಳಿ ಪುಡಿಯೇ. ಮ್ಯಾಗಿ ಮಸಾಲೆಯಲ್ಲೂ ಇರುತ್ತದೆ.

ಇದರಲ್ಲಿ ಮೋಸ ಏನಂದರೆ, ರಕ್ತಕಣ ಒಡೆದ ಲಕ್ಷಣ ಅದೇ ದಿನ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ಕಾಣುತ್ತದೆ. ಅಷ್ಟೊತ್ತಿಗೆ ಏನು ತಿಂದಿತ್ತು ಅನ್ನುವುದೇ ನಮಗೆ ಮರೆತಿರುತ್ತದೆ. ಹಾಗಾಗಿ ಬೆಕ್ಕು ಆರೋಗ್ಯವಾಗಿರುವಾಗಲೇ ಒಂದು ಸಲ ತುಟಿ ಎತ್ತಿ ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ. ಒಸಡು ಬಿಳಿಚಿದ್ದರೆ, ಉಸಿರಾಟ ಜೋರಾಗಿದ್ದರೆ, ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ನಾಳೆ ನೋಡೋಣ ಅನ್ನಬೇಡಿ.

ಕರಾವಳಿ ಕಡೆಯವರು ಮೀನಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಅಲ್ಲಿ ಮೀನು ಹೆಚ್ಚುವಾಗ ಬೆಕ್ಕು ಪಕ್ಕದಲ್ಲೇ ಕೂತಿರುತ್ತದೆ, ತಲೆ, ಕರುಳು ಅದಕ್ಕೇ ಮೀಸಲು. ಬೇಯಿಸಿದ ಮೀನು, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ಸಲ ಕೊಟ್ಟರೆ ಒಳ್ಳೆಯದೇ. ಹಸಿ ಮೀನನ್ನು ದಿನಾ ಹಾಕಬೇಡಿ, ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನನ್ನೇ ಮೂರು ಹೊತ್ತೂ ಹಾಕಿದರೆ ಇ ಜೀವಸತ್ವ ಕಮ್ಮಿಯಾಗಿ ಚರ್ಮದ ಕೆಳಗಿನ ಕೊಬ್ಬು ಹಳದಿಯಾಗಿ ಊದಿಕೊಳ್ಳುವ ಒಂದು ಕಾಯಿಲೆ ಬರುತ್ತದೆ, ಬೆಕ್ಕನ್ನು ಮುಟ್ಟಿದರೂ ನೋವಿನಿಂದ ಕಿರುಚುತ್ತದೆ. ಉಪ್ಪು ಹಾಕಿದ ಒಣಮೀನಂತೂ ಕೊಡಲೇಬೇಡಿ. ನೆನೆಸಿದರೆ ಉಪ್ಪು ಸ್ವಲ್ಪ ಬಿಡುತ್ತದೆ, ಪೂರ್ತಿ ಬಿಡುವುದಿಲ್ಲ. ವಾಸನೆಗೆ ಬೆಕ್ಕು ಹುಚ್ಚೆದ್ದು ಬರುತ್ತದೆ, ಡಬ್ಬಿಯ ಮುಚ್ಚಳ ಗಟ್ಟಿ ಇರಲಿ.

ಮಾಂಸ ತರದ ಮನೆಗಳ ಕಥೆ ಬೇರೆ. "ನಮ್ಮಜ್ಜಿ ಮನೆ ಬೆಕ್ಕು ಹಾಲನ್ನ, ಮೊಸರನ್ನ ತಿಂದುಕೊಂಡೇ ಇತ್ತಲ್ಲ" ಅನ್ನುತ್ತಾರೆ. ಇತ್ತು. ಆದರೆ ಅದು ಅಟ್ಟದಲ್ಲಿ ಇಲಿ ಹಿಡಿಯುತ್ತಿತ್ತು, ಹಿತ್ತಲಲ್ಲಿ ಓತಿಕ್ಯಾತ, ಹಕ್ಕಿ ಹಿಡಿಯುತ್ತಿತ್ತು, ಅನ್ನ ಬರೀ ಮೇಲೋಗರ. ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಬಾಲ್ಕನಿಗೆ ಬಲೆ ಕಟ್ಟಿ ಸಾಕುವ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಊಟದಿಂದಲೇ ಬರಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ಅದು ಸಾಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದೊಡ್ಡದಾಗಿ ಸೋಲುತ್ತದೆ. ಟಾರಿನ್ ಕೊರತೆಗೂ ಹೃದಯಕ್ಕೂ ಇರುವ ಈ ಸಂಬಂಧ ಅಮೆರಿಕದಲ್ಲಿ 1987ರಲ್ಲಿ ಬೆಳಕಿಗೆ ಬಂತು, ಆಮೇಲೆ ಕ್ಯಾಟ್ ಫುಡ್ ಮಾಡುವವರು ಟಾರಿನ್ ಜಾಸ್ತಿ ಸೇರಿಸತೊಡಗಿದರು. ಮನೆಯಲ್ಲಿ ಮಾಂಸ ಬೇಯಿಸಲು ಆಗದವರು ಪ್ಯಾಕೆಟ್ ಕ್ಯಾಟ್ ಫುಡ್ ತನ್ನಿ, ಪಾತ್ರೆ ಮುಟ್ಟಿಸಬೇಕಾಗಿಲ್ಲ. ನಾಯಿಯ ಆಹಾರ ಅದಕ್ಕೆ ಆಗುವುದಿಲ್ಲ. ಹಾಲೂ ಅಷ್ಟೇ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ನೀರಿಡಿ.

ಸರಿ, ಮನೆಯಲ್ಲೇ ಏನಾದರೂ ಕೊಡಬೇಕು ಅನ್ನಿಸುತ್ತದೆ, ಹೇಗೆ ಮಾಡುವುದು? ನಾನು ಮಾಡುವುದು ಹೀಗೆ. ಚಿಕನ್ ತೊಳೆದ ತಕ್ಷಣ, ಅರಿಶಿನ, ಉಪ್ಪು ಸವರುವ ಮುಂಚೆ, ಮೂಳೆಯಿಲ್ಲದ ಎರಡು ಮೂರು ತುಂಡು ಬೇರೆ ಮಾಡುತ್ತೇನೆ, ಚರ್ಮ ಕಿತ್ತುಬಿಡುತ್ತೇನೆ. ಸಣ್ಣ ಪಾತ್ರೆಯಲ್ಲಿ ಮುಳುಗುವಷ್ಟೇ ನೀರು ಹಾಕಿ ಒಳಗೆಲ್ಲ ಬಿಳಿಯಾಗುವ ತನಕ ಬೇಯಿಸುತ್ತೇನೆ. ಆ ನೀರನ್ನು ಚೆಲ್ಲಬೇಡಿ, ಟಾರಿನ್ ನೀರಿಗೆ ಬಿಟ್ಟುಕೊಂಡಿರುತ್ತದೆ. ಬಿಡಿಸಿದ ತುಂಡಿನ ಮೇಲೆ ಅದೇ ನೀರು ಸುರಿದು ಉಗುರು ಬೆಚ್ಚಗಿರುವಾಗ ಕೊಟ್ಟರೆ ಮೊದಲು ನೀರು ನೆಕ್ಕುತ್ತದೆ, ಆಮೇಲೆ ತುಂಡು. ನೀರು ಕುಡಿಯದ ಬೆಕ್ಕಿಗೆ ನೀರು ಹೋಗಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಉಳಿದಿದ್ದು ಫ್ರಿಜ್ಜಿನಲ್ಲಿ ಎರಡು ದಿನ, ಅಷ್ಟೇ. ಬೇಯಿಸಿದ ಮೂಳೆ ಮಾತ್ರ ಬೇಡ, ಅದು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಎಷ್ಟು ಕೊಡಬೇಕು? ಇಂಥ ತಿಂಡಿ ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲಿ ಒಂದು ಭಾಗ ಮೀರಬಾರದು. ಬೆಂದ ಚಿಕನ್ ಆದರೆ ಸುಮಾರು 15 ಗ್ರಾಂ, ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ತುಂಡು. ಮೊಟ್ಟೆ ಆದರೆ ಬೇಯಿಸಿದ್ದರಲ್ಲಿ ಕಾಲು ಭಾಗ. ಬರೀ ಚಿಕನ್ ಬೇಯಿಸಿ ಹಾಕಿಯೇ ಸಾಕುತ್ತೇನೆ ಅನ್ನುವುದಾದರೆ ಡಾಕ್ಟರ ಹತ್ತಿರ ಮಾತಾಡಿ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಶಿಯಂ ತೀರಾ ಕಮ್ಮಿ, ಬೆಳೆಯುವ ಮರಿಯ ಕಾಲಿನ ಮೂಳೆ ಸುಮ್ನೆ ಜಿಗಿದರೂ ಮುರಿಯುವಷ್ಟು ಸೊರಗುತ್ತದೆ. ಲಿವರ್ ಕೂಡ ಅಪರೂಪಕ್ಕೆ ಒಂದು ಚೂರು, ದಿನಾ ಕೊಟ್ಟರೆ ಎ ಜೀವಸತ್ವ ಜಾಸ್ತಿಯಾಗಿ ಕುತ್ತಿಗೆಯ ಮೂಳೆ ಗಟ್ಟಿಕಟ್ಟುತ್ತದೆ.

ಈಗಾಗಲೇ ನಮ್ಮ ತಟ್ಟೆಯ ರುಚಿ ಹತ್ತಿಬಿಟ್ಟಿದ್ದರೆ ಒಂದೇ ದಿನದಲ್ಲಿ ಬಿಡಿಸಲು ಹೋಗಬೇಡಿ. "ಹಸಿವಾದರೆ ತಾನೇ ತಿನ್ನುತ್ತೆ" ಅಂತ ಉಪವಾಸ ಕೆಡವುವುದು ಬೆಕ್ಕಿನ ವಿಷಯದಲ್ಲಿ ಅಪಾಯ. ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಹೋಗಿ ತುಂಬಿಕೊಂಡು ಲಿವರೇ ಕೆಲಸ ನಿಲ್ಲಿಸಬಹುದು. ಹಳೆಯದಕ್ಕೆ ಹೊಸದನ್ನು ಕಾಲು ಭಾಗ ಬೆರೆಸಿ ಶುರು ಮಾಡಿ, ಒಂದು ವಾರ ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸಿ. ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಬರುತ್ತದೆ, ಬೆಕ್ಕು ತಿನ್ನುವುದೇ ಮೂಗಿನಿಂದ. ಇಡೀ ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ತಿನ್ನಬಾರದ್ದು ತಿಂದೇಬಿಟ್ಟರೆ? ಏನು, ಎಷ್ಟು, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ, ಪ್ಯಾಕೆಟ್ ಇದ್ದರೆ ಜೊತೆಗೆ ಇಟ್ಟುಕೊಳ್ಳಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಮ್ಮಿಯೇ, ಆ ಉಪ್ಪೇ ಅದನ್ನು ಕೊಲ್ಲಬಹುದು. ಮಂಕಾಗಿದೆ, ಮೈ ಬಿಸಿ ಇದೆ ಅಂತ ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ, ಒಂದು ಮಾತ್ರೆ ಸಾಕು ಬೆಕ್ಕಿನ ಜೀವ ತೆಗೆಯಲು. ಹತ್ತಿರದ ಪಶು ಆಸ್ಪತ್ರೆಯ ನಂಬರ್ ಮೊದಲೇ ಫೋನಿನಲ್ಲಿ ಇರಲಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಊರ ಕಡೆ ತಾಲ್ಲೂಕು ಪಶು ಆಸ್ಪತ್ರೆ ಇದೆ.

ಇನ್ನು ನೆಂಟರು, ಮಕ್ಕಳು. ಕೊಡಬೇಡಿ ಅಂದರೆ ಕೇಳುವುದಿಲ್ಲ, ಬೆಕ್ಕು ಕಾಲ ಹತ್ತಿರ ಬಂದು ಕೂತು ಮುಖ ನೋಡಿದರೆ ಯಾರಿಗೂ ಮನಸ್ಸು ತಡೆಯುವುದಿಲ್ಲ, ಅಲ್ವಾ. ಈಗ ಹೊಸತೊಡಕಿನ ದಿನ ಎಲೆ ಹಾಕುವ ಮುಂಚೆಯೇ ಉಪ್ಪಿಲ್ಲದ ಚಿಕನ್ ಚೂರುಗಳನ್ನು ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ಹಾಕಿ ಮಕ್ಕಳ ಕೈಗೇ ಕೊಟ್ಟುಬಿಡುತ್ತೇನೆ. ಚಿನ್ನಿಗೆ ಹಾಕುವುದಿದ್ದರೆ ಈ ಬಟ್ಟಲಿಂದ, ಬಟ್ಟಲು ಖಾಲಿಯಾದರೆ ಅವಳ ಊಟ ಮುಗಿಯಿತು. ಹೋದ ಸಲ ನಮ್ಮ ಅಕ್ಕನ ಐದು ವರ್ಷದ ಮಗಳು ಮೂವತ್ತು ಚೂರನ್ನೂ ಎಣಿಸಿ ಎಣಿಸಿ ಹಾಕಿದಳು, ಪಕ್ಕದಲ್ಲಿ ಕೂತಿದ್ದ ಮಾವ ಕಬಾಬ್ ತುಂಡು ಕೆಳಗೆ ಇಳಿಸಲು ಹೋದರೆ ಅವರ ಕೈಯನ್ನೇ ಹಿಡಿದುಕೊಂಡಳು.