ಗುಂಡ್ಯಾನ ಬಾಯಿ ಬಿಡಿಸಿದ್ದು

ನಮ್ಮ ಮುಧೋಳ ನಾಯಿ ಗುಂಡ್ಯಾ ಬಾಯಲ್ಲಿ ಹಿಡಿದದ್ದನ್ನು ಈಗ ತಾನಾಗಿಯೇ ತಂದು ಕೈಗೆ ಹಾಕುತ್ತಾನೆ. ಮೂಳೆ ಇದ್ದರೂ ಹಾಕುತ್ತಾನೆ. ಮುಧೋಳದ ಸುತ್ತ ಬೇಟೆನಾಯಿ ಸಾಕಿದವರಿಗೆ ಇದು ಎಂಥ ಮಾತು ಅಂತ ಗೊತ್ತು. "ಈ ಜಾತಿಗೆ ಅದೆಲ್ಲ ಬರಂಗಿಲ್ಲ" ಅಂದವರು ನಮ್ಮ ಓಣಿಯಲ್ಲೇ ನಾಲ್ಕು ಜನ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ತಿಂಗಳ ಮರಿ ಇದ್ದಾಗ ಒಂಬತ್ತು ಸಾವಿರ ಕೊಟ್ಟು ತಂದೆ. ಹೊಟ್ಟೆ ಗುಂಡಗಿತ್ತು, ಮಗಳು ಗುಂಡ್ಯಾ ಅಂತ ಹೆಸರಿಟ್ಟಳು. ಮೈತುಂಬಿದ ಮರಿ ಸಿಕ್ಕಿತಲ್ಲ ಅಂತ ನಾನೂ ಬೀಗಿದೆ. ಅದು ಮೈ ಅಲ್ಲ, ಜಂತು. ಇಷ್ಟು ವರ್ಷ ನಾಯಿ ಸಾಕಿದವನಿಗೆ ನೋಡಿದ ಕೂಡಲೇ ತಿಳಿಯಬೇಕಿತ್ತು. 15 ದಿನಕ್ಕೊಮ್ಮೆಯಂತೆ ಮೂರು ಸಲ ಔಷಧ ಹಾಕಿದ ಮೇಲೆ ಪಕ್ಕೆಲುಬು ಕಂಡವು. ಹೆಸರು ಮಾತ್ರ ಹಾಗೇ ಉಳಿಯಿತು. ಮಣ್ಣು, ಕುಳ್ಳು ತಿನ್ನುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಉಳಿದರ್ಧ ಜಂತಿನದಲ್ಲ, ಅವನದೇ.

ಕೌದಿಯ ಮೂಲೆ ತಿಂದ. ಗೋವಿನಜೋಳದ ದಿಂಡು ತಿಂದ. ಕಬ್ಬಿನ ಹೊಲಕ್ಕೆ ಕರೆದುಕೊಂಡು ಹೋದರೆ ಡ್ರಿಪ್ ಪೈಪು ಕಡಿದ. ಒಂದೇ ಸಾಲಿನಲ್ಲಿ ಹತ್ತು ಹನ್ನೊಂದು ಜಾಯಿಂಟರ್ ಹಾಕಿದ್ದೇನೆ, ಇವತ್ತಿಗೂ ಎರಡು ಕಡೆ ಸೋರುತ್ತದೆ. ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಜಾತಿ. ನಮ್ಮವನು ಅಂಚೆಯಲ್ಲಿ ಬಂದ ಕಾಗದವನ್ನೇ ತಿಂದ. ಸಾಲದ ನೋಟಿಸು ಅದು, ಅದಕ್ಕೆ ನಾನೇನೂ ಬಯ್ಯಲಿಲ್ಲ.

ಮೊದಲು ಮಾಡಿದ್ದೆಲ್ಲ ತಪ್ಪು. ಪಕ್ಕದ ಮನೆ ಕಾಕಾ "ಎರಡು ಹಾಕೋ, ತಾನ ಬಿಡ್ತೈತಿ" ಅಂದರು. ಹಾಕಿದೆ. ಬಿಡಲಿಲ್ಲ, ನನ್ನನ್ನು ಕಂಡರೆ ಮಂಚದ ಕೆಳಗೆ ಹೋಗಿ ತಿನ್ನತೊಡಗಿದ. ಚಪ್ಪಲಿಗೆ ಖಾರದಪುಡಿ ಹಚ್ಚಿದೆ. ನೆಕ್ಕಿದ, ಸೀನಿದ, ನೀರು ಕುಡಿದು ಬಂದು ಮತ್ತೆ ನೆಕ್ಕಿದ. ನಮ್ಮ ಭಾಗದ ನಾಯಿ, ಖಾರಕ್ಕೆ ಹೆದರುತ್ತದಾ? ಬೇವಿನೆಣ್ಣೆ ಎರಡು ದಿನ ಕೆಲಸ ಮಾಡಿತು, ಮೂರನೇ ದಿನಕ್ಕೆ ರುಚಿ ಹತ್ತಿತು. ಆಮೇಲೆ ಎತ್ತಿಗೆ ಕಟ್ಟುವ ಬಾಯಿಕುಕ್ಕೆ ನೋಡಿ, ಅದೇ ಮಾದರಿಯಲ್ಲಿ ಸಣ್ಣದೊಂದನ್ನು ನಾನೇ ಹುರಿಯಲ್ಲಿ ಹೆಣೆದೆ. ಗಾಳಿ ಆಡುತ್ತಿತ್ತು, ನೀರು ಕುಡಿಯಲು ಬರುತ್ತಿತ್ತು, ಚಂದ ಇತ್ತು. ಸಂಜೆಯೊಳಗೆ ಕುಕ್ಕೆಯನ್ನೇ ತಿಂದ.

ನನ್ನ ಕಣ್ಣು ತೆರೆಸಿದ್ದು ಇಳಕಲ್ ಸೀರೆ. ಹೆಂಡತಿಗೆ ತವರಿನವರು ಕೊಟ್ಟದ್ದು, ನಾಲ್ಕು ಸಾವಿರದ ಮೇಲಿನದು, ಟೋಪ್ ತೆನಿ ಸೆರಗು. ಒಣಹಾಕಿದ್ದು ಗಾಳಿಗೆ ಜಾರಿ ಕಟ್ಟೆಗೆ ಬಿದ್ದಿತ್ತು. ಗುಂಡ್ಯಾಗೆ ಆಗ ನಾಲ್ಕು ತಿಂಗಳು, ಹಲ್ಲು ಬೀಳುವ ಕಾಲ, ಒಸಡು ಕಡಿಯುತ್ತಿತ್ತು. ಕುಂತು ನಿಧಾನ ಜಗಿಯುತ್ತಿದ್ದ. ನಾನು ಚೀರಿಕೊಂಡು ಓಡಿದೆ. ನಾನು ಹತ್ತಿರ ಬಂದಷ್ಟೂ ಅವನು ಗಬಗಬ ನುಂಗಿದ. ಕೈ ಮುಟ್ಟುವ ಹೊತ್ತಿಗೆ ಗೇಣುದ್ದ ಸೆರಗು ಹೊಟ್ಟೆಗೆ ಹೋಗಿತ್ತು.

ಎರಡನೇ ದಿನ ಹಿಂದಿನಿಂದ ರೇಷ್ಮೆ ಎಳೆ ಜೋತಾಡುತ್ತಿತ್ತು. ನಾನು ದಡ್ಡ, ಹಿಡಿದು ಸ್ವಲ್ಪ ಎಳೆದೆ. ಅವನು ಕುಂಯ್ ಅಂದ ದನಿ ಇನ್ನೂ ಕಿವಿಯಲ್ಲಿದೆ. ಡಾಕ್ಟರು ಬೈದರು: "ದಾರ ಎಳೀತಾರೇನ್ರಿ? ಲಾಡಿ ಎಳದಂಗ ಕರುಳು ನೆರಿಗಿ ಬೀಳ್ತೈತಿ, ಕೊಯ್ದ ಹೋಗ್ತೈತಿ." ಹೊರಗಿದ್ದಷ್ಟನ್ನು ಕತ್ತರಿಸಿ, ಬೆಳಗಾವಿಗೆ ಒಯ್ದು ಎಕ್ಸ್‌ರೇ ಮಾಡಿಸಿ ಅಂದರು. ಪುಣ್ಯ, ಆಪರೇಷನ್ ತಪ್ಪಿತು, ಮೂರನೇ ದಿನ ಉಳಿದದ್ದು ತಾನೇ ಬಂತು. ಗಾಡಿ, ಎಕ್ಸ್‌ರೇ, ಸಲೈನ್ ಎಲ್ಲ ಸೇರಿ ಆರೂವರೆ ಸಾವಿರ. ಸೀರೆ, ಪೈಪು ಸೇರಿಸಿದರೆ ಮರಿಗಿಂತ ಮರಿ ತಿಂದದ್ದೇ ತುಟ್ಟಿಯಾಯಿತು.

ಬರುವಾಗ ಗಾಡಿಯಲ್ಲಿ ಹೊಳೆಯಿತು. ನುಂಗಲು ಕಲಿಸಿದವನು ನಾನೇ. ಕಸಿದುಕೊಳ್ಳುತ್ತಾರೆ ಅಂತ ಗೊತ್ತಾದ ಮೇಲೆ ನಾಯಿಗೆ ಹೊಟ್ಟೆಗಿಂತ ಭದ್ರವಾದ ಜಾಗ ಯಾವುದು? ಮತ್ತೆ ಮುಧೋಳ ನಾಯಿಯನ್ನು ಓಡಿ ಹಿಡಿಯುತ್ತೇನೆ ಅನ್ನುವುದೂ ಒಂದು ಹುಚ್ಚು. ಅದಕ್ಕೆ ಅದು ಆಟ.

ಮರುದಿನದಿಂದ ವ್ಯಾಪಾರ ಶುರು ಮಾಡಿದೆ. ಕುದಿಸಿದ ತತ್ತಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡೆ. ಅವನು ಏನಾದರೂ ಹಿಡಿದರೆ ಓಡುವುದಿಲ್ಲ, ಕೂಗುವುದಿಲ್ಲ. ಪಕ್ಕಕ್ಕೆ ತಿರುಗಿ ಕೂತು, ಒಂದು ಮಾರು ದೂರದಲ್ಲಿ ಮೂರು ಚೂರು ನೆಲಕ್ಕೆ ಹಾಕುವುದು. ಬಾಯಿ ಬಿಟ್ಟ ಮೇಲೆ 'ಬಿಡು' ಅನ್ನುವುದು, ಮೊದಲು ಅಲ್ಲ. ಐದಾರು ದಿನ ಹೀಗೇ. ಮಾತಿಗೂ ತತ್ತಿಗೂ ಗಂಟು ಬಿದ್ದ ಮೇಲಷ್ಟೇ ಮೊದಲು ಮಾತು, ಆಮೇಲೆ ತತ್ತಿ. ಕಟ್ಟಿಗೆ ಸೌಟಿನಿಂದ ಶುರು, ಆಮೇಲೆ ಜೋಳದ ದಿಂಡು, ಚಪ್ಪಲಿ, ಕೊನೆಗೆ ಮೂಳೆ.

ಬಹಳ ಜನ ಎಡವುವುದು ಮುಂದಿನದರಲ್ಲಿ. ಅಪಾಯ ಇಲ್ಲದ ಸಾಮಾನಾದರೆ ಅದನ್ನೇ ತಿರುಗಿ ಅವನಿಗೆ ಕೊಡಬೇಕು. ಹತ್ತು ಸಲದಲ್ಲಿ ಏಳು ಸಲ ಕೊಟ್ಟೆ. ಕೊಟ್ಟರೆ ವಾಪಸ್ ಬರುತ್ತದೆ ಅಂತ ನಂಬಿಕೆ ಬಂದ ಮೇಲೆ ನುಂಗುವ ಅವಸರ ಹೋಯಿತು. ತತ್ತಿಯ ಚೂರಿಗೆ ನಾನು ಇನ್ನೊಂದು ವಾಸನೆ ಹಚ್ಚುತ್ತೇನೆ. ಅದೇನು ಅಂತ ಹೇಳುವುದಿಲ್ಲ, ನಿಮ್ಮ ನಾಯಿಗೆ ಯಾವುದು ಅಂತ ನೀವೇ ಹುಡುಕಿ.

ಜೊತೆಗೆ ದಿನಕ್ಕೆ ಎರಡು ಸಲ ಹಾಕುತ್ತಿದ್ದ ಊಟವನ್ನು ಅಷ್ಟೇ ರೊಟ್ಟಿ, ಅಷ್ಟೇ ಹಾಲಿನಲ್ಲಿ ನಾಲ್ಕು ಸಲ ಮಾಡಿದೆ. ಒಸಡಿಗೆ ಕಬ್ಬಿನ ತುಂಡು ಕೊಟ್ಟು ನೋಡಿದೆ, ನಾರು ಹಗ್ಗದ ಹಾಗೆ ಹೊರಗೆ ಬಂತು, ಬಿಟ್ಟೆ. ಫ್ರಿಜ್‌ನಲ್ಲಿಟ್ಟ ದಪ್ಪ ಗಜ್ಜರಿ ಚೆನ್ನಾಗಿ ನಡೆಯಿತು. ಹಾಗಂತ ಕೈಬಿಟ್ಟು ಹೋಗಬೇಡಿ, ಕೊನೆಯ ಚೂರನ್ನು ಅವನು ಇಡಿಯಾಗಿ ನುಂಗಲು ನೋಡುತ್ತಾನೆ.

ವ್ಯಾಪಾರ ನಡೆಯದ ಜಾಗವೂ ಇದೆ. ತಿಕೋಟಾ ಕಡೆಯಿಂದ ಅಕ್ಕ ಎರಡು ಕಿಲೋ ಒಣದ್ರಾಕ್ಷಿ ತಂದಿದ್ದಳು. ನಾನು ನೋಡುವಷ್ಟರಲ್ಲಿ ಗುಂಡ್ಯಾ ಒಂದು ಹಿಡಿ ತಿಂದಿದ್ದ. "ದ್ರಾಕ್ಷಿ ತಿಂದ್ರ ಏನಾಗ್ತದ ಬಿಡೋ" ಅಂದಳು ಅಕ್ಕ. ಮನುಷ್ಯರಿಗೆ ಏನಾಗುವುದಿಲ್ಲ, ನಾಯಿಗೆ ಕಿಡ್ನಿಯೇ ಕೆಡಬಹುದು, ಎಷ್ಟು ತಿಂದರೆ ಅನ್ನುವ ಲೆಕ್ಕವೂ ಇಲ್ಲ. ಮನೆಯಲ್ಲಿ ಉಪ್ಪುನೀರು ಕುಡಿಸಲು ಹೊರಟಿದ್ದರು, ನಾನು ತಡೆದೆ, ಅದೇ ಇನ್ನೊಂದು ವಿಷ. ಗಂಟೆಯೊಳಗೆ ಡಾಕ್ಟರ ಹತ್ತಿರ ಒಯ್ದೆ, ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ಎರಡು ದಿನ ಸಲೈನ್ ಹಾಕಿದರು. ಅಂದಿನಿಂದ ಒಣದ್ರಾಕ್ಷಿ, ಹಾಗೇ ನಾಯಿಗೆ ಆಗದ ಹುಣಸೆಹಣ್ಣು, ಎರಡೂ ಗೋಡೆಯ ಮಾಡದ ಮೇಲಿವೆ.

ಹಿಡಿತಕ್ಕೆ ಬರಲು ಒಂದೂವರೆ ತಿಂಗಳು ಹಿಡಿಯಿತು. ದಿನಕ್ಕೆ ಎರಡು ತತ್ತಿ ಅಂದರೂ ಖರ್ಚು ಆರುನೂರು ಮುಟ್ಟಿಲ್ಲ. ಕಾಕಾ ಮಾತ್ರ ದಿನಾ ಕಟ್ಟೆ ಮೇಲೆ ಕೂತು "ನಾಯಿಗೆ ಲಂಚ ಕೊಟ್ಟು ಸಾಕ್ತಿ ಏನಲೇ" ಅಂತ ನಗುತ್ತಿದ್ದರು.

ಒಂದು ಎಡವಟ್ಟೂ ಆಯಿತು. ತತ್ತಿ ಬೇಕು ಅನಿಸಿದಾಗ ಗುಂಡ್ಯಾ ತಾನೇ ಹೋಗಿ ಕದ್ದು ತರಲು ಕಲಿತ. ಮಗಳ ಕಂಪಾಸ್ ಪೆಟ್ಟಿಗೆ, ಯಾರದೋ ಮನೆಯ ಒಂಟಿ ಚಪ್ಪಲಿ. ಕದ್ದು ತಂದದ್ದಕ್ಕೆ ಈಗ ಒಂದೇ ಚೂರು, ಸುಮ್ನೆ ಬಂದು ಕೂತರೆ ಮೂರು. ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.

ಮೊನ್ನೆ ಮಧ್ಯಾಹ್ನ ಕಾಕಾ ಕಟ್ಟೆ ಮೇಲೆ ಕಣ್ಣು ಮುಚ್ಚಿದ್ದರು. ಗುಂಡ್ಯಾ ಅವರ ಚಂಚಿ ಕಚ್ಚಿಕೊಂಡು ಬಂದ. ಒಳಗೆ ತಂಬಾಕು, ಸುಣ್ಣ, ನನ್ನ ಎದೆ ಧಸಕ್ಕೆಂದಿತು. ಓಡಲಿಲ್ಲ. ಪಕ್ಕಕ್ಕೆ ತಿರುಗಿ ಕೂತು "ಬಿಡು" ಅಂದೆ. ಅಂಗೈಯಲ್ಲಿ ಇಟ್ಟ. ಗಂಟು ಕೂಡ ಬಿಚ್ಚಿರಲಿಲ್ಲ. ಕಾಕಾ ಎದ್ದು ಚಂಚಿ ತಿರುಗಿಸಿ ಮುರುಗಿಸಿ ನೋಡಿದರು, ಜೊಲ್ಲು ಒರೆಸಿ ಕಿಸೆಗೆ ಹಾಕಿಕೊಂಡರು.

"ನಮ್ಮ ಮನ್ಯಾಗೂ ಒಂದು ಕುನ್ನಿ ಐತೆಲ್ಲೋ" ಅಂದರು. "ತತ್ತಿ ಎಷ್ಟ ಹೊತ್ತು ಕುದಸ್ತಿ?"