ಹೊಸ ತರಹದ ಟಿವಿ, ಪ್ಲೇಯರ್ ಬಂದ ಕೂಡಲೇ ಕೊಳ್ಳುವ ಮುಂಚೆ ಇಷ್ಟು ನೋಡಿ

ಮೊದಲು ಕೊಂಡವರು ಜಾಸ್ತಿ ದುಡ್ಡು ಕೊಡುತ್ತಾರೆ, ಇದು ಎಲ್ಲರಿಗೂ ಗೊತ್ತು. ಸ್ವಲ್ಪ ದಿನ ಬಿಟ್ಟು ಅದೇ ಟಿವಿಯ ಬೆಲೆ ಇಳಿದರೆ ಹೊಟ್ಟೆ ಉರಿಯುತ್ತದೆ, ಅಷ್ಟೇ. ಟಿವಿಯೇನೂ ನಿಂತುಹೋಗುವುದಿಲ್ಲ. ನಿಜವಾದ ತೊಂದರೆ ಬೇರೆ. ಕೊಂಡ ಸಾಮಾನು ಕೆಟ್ಟಿರುವುದಿಲ್ಲ, ಹೊಳೆಯುತ್ತಾ ಕೂತಿರುತ್ತದೆ, ಆದರೆ ಅದಕ್ಕೆ ಹಾಕಲು ಡಿಸ್ಕ್ ಸಿಗುವುದಿಲ್ಲ, ಅಥವಾ ಎರಡು ವರ್ಷ ಬಿಟ್ಟು ತಂದ ಪ್ಲೇಯರ್ ಅದಕ್ಕೆ ಹೊಂದುವುದಿಲ್ಲ.

ಮೊದಲು ಕೇಳಬೇಕಾದ್ದು: ಇದಕ್ಕೆ ಎದುರಾಳಿ ಇದೆಯಾ? 2006ರಲ್ಲಿ ಎಚ್‌ಡಿ ಡಿವಿಡಿ, ಬ್ಲೂ-ರೇ ಅಂತ ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ, ಒಂದಕ್ಕೊಂದು ಹೊಂದದ ಎರಡು ತರಹದ ಸಿನಿಮಾ ಡಿಸ್ಕ್ ಅಂಗಡಿಗೆ ಬಂದವು. ಎರಡರಲ್ಲೂ ಚಿತ್ರ ಚೆನ್ನಾಗಿಯೇ ಇತ್ತು. 2008ರ ಜನವರಿ 4ರಂದು ವಾರ್ನರ್ ಸ್ಟುಡಿಯೋ ಇನ್ನು ಮುಂದೆ ಬ್ಲೂ-ರೇ ಮಾತ್ರ ಅಂತ ಹೇಳಿತು, ಫೆಬ್ರವರಿ 19ಕ್ಕೆ ತೋಶಿಬಾ ಎಚ್‌ಡಿ ಡಿವಿಡಿಯನ್ನೇ ಕೈಬಿಟ್ಟಿತು. ಏಳು ವಾರವೂ ಆಗಲಿಲ್ಲ. ಹಾಗಾಗಿ ಇಂಥ ಜಗಳ ನಡೆಯುವಾಗ ಯಾವುದರ ಚಿತ್ರ ಚೆಂದ ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಿನಿಮಾ ಮಾಡುವವರು ಯಾರ ಕಡೆ ಇದ್ದಾರೆ ಅಂತ ನೋಡಿ. ಅದು ಇತ್ಯರ್ಥ ಆಗುವ ತನಕ ಕಾಯಿರಿ.

ಎಲ್ಲ ಜಗಳವೂ ಅಷ್ಟು ಕೆಟ್ಟದ್ದಲ್ಲ ಅನ್ನಿ. ಎಚ್‌ಡಿಆರ್ ಅಂದರೆ ಚಿತ್ರದ ಬೆಳಕು-ಕತ್ತಲು, ಬಣ್ಣ ಹೆಚ್ಚು ಎದ್ದು ಕಾಣಿಸುವ ವಿಧಾನ. ಅದರಲ್ಲಿ ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಅನ್ನುವ ಎರಡು ಬಗೆಗಳ ನಡುವೆ ಪೈಪೋಟಿ ಇದೆ, ಆದರೆ ನಿಮ್ಮ ಟಿವಿಗೆ ಎರಡರಲ್ಲೊಂದು ಬಾರದಿದ್ದರೂ ಸಾಮಾನ್ಯವಾಗಿ ಮಾಮೂಲಿ ಎಚ್‌ಡಿಆರ್10 ಆಗಿ ಓಡುತ್ತದೆ. ಪೂರ್ತಿ ಕಪ್ಪು ಪರದೆ ನೋಡಬೇಕಾಗುವುದಿಲ್ಲ. ಸೋತರೂ ಏನಾದರೂ ಓಡುತ್ತಾ, ಇಲ್ಲವಾ, ಇದೇ ದೊಡ್ಡ ವ್ಯತ್ಯಾಸ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಗೆದ್ದ ಕಡೆಯಲ್ಲಿದ್ದರೂ ಮೊದಲ ಮಾಡೆಲ್ ಅರೆಬರೆ ಇರಬಹುದು. ಶುರುವಿನ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಕೆಲವಕ್ಕೆ ನೆಟ್‌ವರ್ಕ್ ಪೋರ್ಟೇ ಇರಲಿಲ್ಲ. ಆಮೇಲೆ ಡಿಸ್ಕ್‌ಗಳಲ್ಲಿ ಇಂಟರ್‌ನೆಟ್ ಬೇಕಾಗುವ ಸೌಲಭ್ಯ ಬಂದಾಗ ಅವಕ್ಕೆ ಅದು ದಕ್ಕಲೇ ಇಲ್ಲ. ಇಲ್ಲದ ಪೋರ್ಟನ್ನು ಯಾವ ಅಪ್‌ಡೇಟ್ ತಂದುಕೊಡುತ್ತದೆ? ಬ್ಲೂ-ರೇ ಡಿಸ್ಕ್ ಓಡಿಸುತ್ತಿದ್ದ ಅದೇ ಕಾಲದ ಗೇಮ್ ಬಾಕ್ಸ್ ಪ್ಲೇಸ್ಟೇಷನ್ 3 ಮಾತ್ರ ಅಪ್‌ಡೇಟ್ ಪಡೆದು 2008ರಲ್ಲಿ ಅದನ್ನೂ ಕಲಿತಿತು, 2010ರಲ್ಲಿ 3ಡಿ ಡಿಸ್ಕ್ ಕೂಡ ಓಡಿಸಿತು, ಯಾಕಂದ್ರೆ ಬೇಕಾದ ಹಾರ್ಡ್‌ವೇರ್ ಮೊದಲೇ ಒಳಗಿತ್ತು. ಆದ್ದರಿಂದ ಅಂಗಡಿಯವರು "ಮುಂದೆ ಅಪ್‌ಡೇಟ್‌ನಲ್ಲಿ ಬರುತ್ತೆ ಸಾರ್" ಅಂದರೆ ಒಂದೇ ಪ್ರಶ್ನೆ ಕೇಳಿ, ಅದಕ್ಕೆ ಬೇಕಾದ ಚಿಪ್ಪು, ಪೋರ್ಟು ಈಗಲೇ ಒಳಗೆ ಇದೆಯಾ ಅಂತ. ಇದ್ದರೂ ಆ ಮಾತಿಗೆ ದುಡ್ಡು ಕೊಡಬೇಡಿ. ಇವತ್ತು ನಡೆಯುವುದಕ್ಕೆ ಮಾತ್ರ ಕೊಡಿ.

4ಕೆ ಟಿವಿಗಳ ಕಥೆ ಇನ್ನೂ ಮಜವಾಗಿದೆ. ಶುರುವಿನವುಗಳಲ್ಲಿ ಇದ್ದದ್ದು ಎಚ್‌ಡಿಎಂಐ (ಪ್ಲೇಯರ್‌ನಿಂದ ಟಿವಿಗೆ ಚಿತ್ರ, ಶಬ್ದ ತರುವ ಪೋರ್ಟ್) 1.4ನೇ ಆವೃತ್ತಿ, ಅದರಲ್ಲಿ ಪೂರ್ತಿ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್ ದಾಟುತ್ತಿರಲಿಲ್ಲ. 60 ಫ್ರೇಮ್ ಕೊಡುವ 2.0 ಪ್ರಕಟವಾದದ್ದು 2013ರ ಸೆಪ್ಟೆಂಬರ್‌ನಲ್ಲಿ. ನಕಲು ತಡೆಯುವ ಎಚ್‌ಡಿಸಿಪಿ 2.2 ಕೂಡ ಹಲವು ಟಿವಿಗಳಲ್ಲಿ ಇರಲಿಲ್ಲ, ಹಾಗಾಗಿ 2016ರಲ್ಲಿ 4ಕೆ ಡಿಸ್ಕ್ ಪ್ಲೇಯರ್‌ಗಳು ಬಂದಾಗ ಆ ಟಿವಿಗಳಿಗೆ ಡಿಸ್ಕಿನಿಂದ 4ಕೆ ಚಿತ್ರವೇ ಸಿಗಲಿಲ್ಲ. ಎಚ್‌ಡಿಆರ್ ಅಂತೂ ಮನೆ ಟಿವಿಗೆ ಬಂದದ್ದೇ 2015ರ ಹೊತ್ತಿಗೆ. ಮುಂಚೆಯೇ ಕೊಂಡವರಿಗೆ ದಕ್ಕಿದ್ದು ಪಿಕ್ಸೆಲ್ ಲೆಕ್ಕ ಮಾತ್ರ.

ಈಗಲೂ ಬಾಕ್ಸ್ ಮೇಲೆ "ಎಚ್‌ಡಿಎಂಐ 2.1" ಅಂತ ಇದ್ದರೆ ಸಾಕಾಗುವುದಿಲ್ಲ, ಅದರಲ್ಲಿನ ಮುಖ್ಯ ಸೌಲಭ್ಯಗಳೆಲ್ಲ ಕಡ್ಡಾಯವಲ್ಲ. 4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಫ್ರೇಮ್), ವಿಆರ್‌ಆರ್ (ಗೇಮಿನ ವೇಗಕ್ಕೆ ತಕ್ಕಂತೆ ಟಿವಿ ಫ್ರೇಮ್ ವೇಗ ಬದಲಿಸುವುದು), ಇ-ಆರ್ಕ್ (ಟಿವಿಯಿಂದ ಶಬ್ದವನ್ನು ಅದೇ ಕೇಬಲಿನಲ್ಲಿ ಹೊರಗೆ ಕಳಿಸುವುದು) ಇವೆಲ್ಲ ಬೇರೆ ಬೇರೆಯಾಗಿ ಬರೆದಿದೆಯಾ, ಎಷ್ಟನೇ ಪೋರ್ಟಿನಲ್ಲಿ ಇದೆ, ಎರಡೂ ನೋಡಿ. ಎಷ್ಟೋ ಟಿವಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಎರಡರಲ್ಲಿ ಮಾತ್ರ ಪೂರ್ತಿ ಕೆಲಸ. ಟಿವಿಗೂ ಗೇಮ್ ಬಾಕ್ಸಿಗೂ ನಡುವೆ ಕೂತು ಸ್ಪೀಕರ್‌ಗಳಿಗೆ ಶಬ್ದ ಕೊಡುವ ಆಡಿಯೋ ರಿಸೀವರ್ ಇನ್ನೊಂದು ತಲೆನೋವು. 2020ರ ಕೊನೆಗೆ ಕೆಲವು ಹೊಸ ರಿಸೀವರ್‌ಗಳ ಚಿಪ್ಪಿನಲ್ಲೇ ದೋಷ ಇತ್ತು, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅನ್ನುವ ಗೇಮ್ ಬಾಕ್ಸಿನಿಂದ 4ಕೆ 120 ಕಳಿಸಿದರೆ ಚಿತ್ರವೇ ಬರುತ್ತಿರಲಿಲ್ಲ. ಗೇಮ್ ಬಾಕ್ಸನ್ನು ನೇರ ಟಿವಿಗೆ ಹಾಕಿ, ಶಬ್ದ ಮಾತ್ರ ಇ-ಆರ್ಕ್‌ನಲ್ಲಿ ರಿಸೀವರ್‌ಗೆ ಕಳಿಸಿದರೆ ಈ ಗೋಜಿಲ್ಲ.

ನೋಡುವುದಕ್ಕೆ ಏನಿದೆ ಅಂತಲೂ ಕೇಳಿಕೊಳ್ಳಿ. 2010ರಲ್ಲಿ 3ಡಿ ಟಿವಿ ಅಂತ ಭಾರಿ ಗದ್ದಲ ಎದ್ದಿತ್ತು, 2017ಕ್ಕೆ ಎಲ್‌ಜಿ, ಸೋನಿ ಕೂಡ ಹೊಸ ಟಿವಿಗಳಲ್ಲಿ ಅದನ್ನು ಬಿಟ್ಟವು. 4ಕೆಗಿಂತಲೂ ಹೆಚ್ಚು ಪಿಕ್ಸೆಲ್ ಇರುವ 8ಕೆಯಲ್ಲಿ ಸಿನಿಮಾ ಡಿಸ್ಕೇ ಇಲ್ಲ, ಅಲ್ಟ್ರಾ ಎಚ್‌ಡಿ ಬ್ಲೂ-ರೇ 4ಕೆಗೇ ನಿಲ್ಲುತ್ತದೆ. ಸುಮ್ನೆ ಹಿಗ್ಗಿಸಿದ 4ಕೆ ನೋಡಲು ಅಷ್ಟು ದುಡ್ಡು ಯಾಕೆ?

ಕಂಪನಿಯ ಸರ್ವರ್ ಇಲ್ಲದೆ ಓಡದ ಸಾಮಾನಿನ ಬಗ್ಗೆ ನನಗಂತೂ ನಂಬಿಕೆ ಕಡಿಮೆ. ಅಮೆರಿಕದಲ್ಲಿ 1998ರಲ್ಲಿ ಡಿವಿಕ್ಸ್ (DIVX) ಅಂತ ಬಾಡಿಗೆ ಡಿಸ್ಕ್ ಬಂದಿತ್ತು, ಪ್ಲೇಯರ್ ಫೋನ್ ಲೈನಿನಲ್ಲಿ ಕಂಪನಿಗೆ ಲೆಕ್ಕ ಒಪ್ಪಿಸಬೇಕಿತ್ತು. ಮರುವರ್ಷವೇ ಮುಚ್ಚಿದರು, 2001ರ ಜೂನ್ 30ರ ನಂತರ ಆ ಡಿಸ್ಕ್‌ಗಳು ಓಡಲಿಲ್ಲ. ಸ್ಮಾರ್ಟ್ ಟಿವಿಯ ಆ್ಯಪ್‌ಗಳದ್ದೂ ಹೆಚ್ಚುಕಡಿಮೆ ಇದೇ ಪಾಡು, 2019ರ ಡಿಸೆಂಬರ್‌ನಲ್ಲಿ ಕೆಲವು ಹಳೆಯ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತೇ ಹೋಯಿತು. ಆದರೆ ಎಚ್‌ಡಿಎಂಐ ಪೋರ್ಟ್ ಇದ್ದರೆ ಬೇರೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿಕೊಂಡು ಮುಂದೆ ಹೋಗಬಹುದು. ತಂತ್ರಜ್ಞಾನ ಸತ್ತರೆ ನಿಮ್ಮ ದುಡ್ಡೂ ಸತ್ತಿತು ಅಂತ ಅಲ್ಲ, ಅಲ್ವಾ? ಪ್ಲಾಸ್ಮಾ ಅನ್ನುವ ಹಳೆಯ ತರಹದ ಚಪ್ಪಟೆ ಟಿವಿಗಳ ತಯಾರಿಕೆಯನ್ನು ಪ್ಯಾನಾಸೋನಿಕ್ 2013ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು, ಕೊಂಡಿದ್ದವರು ಮಾಮೂಲಿ ಎಚ್‌ಡಿಎಂಐ ಸಿಕ್ಕಿಸಿ ಇನ್ನೂ ಎಷ್ಟೋ ವರ್ಷ ಅದರಲ್ಲೇ ನೋಡಿದರು.

ಇಷ್ಟಾದ ಮೇಲೂ ಈಗಲೇ ಬೇಕು ಅನ್ನಿಸಿದರೆ ಕೊಳ್ಳಿ, ತಪ್ಪೇನಿಲ್ಲ. ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ಬಿಲ್ ಮಾಡಿಸುವ ಮುಂಚೆಯೇ ಕೇಳಿ. ಅಷ್ಟರೊಳಗೆ ಮನೆಯಲ್ಲಿರುವ ಪ್ರತಿ ಸಾಮಾನನ್ನೂ ಸಿಕ್ಕಿಸಿ, ಪೂರ್ತಿ ಒಂದೊಂದು ಸಿನಿಮಾ ಓಡಿಸಿ, ಯಾಕಂದ್ರೆ ಐದು ನಿಮಿಷಕ್ಕೆ ಕಾಣದ ದೋಷ ಒಂದು ಗಂಟೆಗೆ ಕಾಣುತ್ತದೆ. ಗೋಡೆಯೊಳಗೆ ಕೇಬಲ್ ಎಳೆಸುವವರಿದ್ದರೆ ಕೇಬಲ್ ಬದಲಾಯಿಸಲು ಆಗುವ ಹಾಗೆ ಪೈಪ್ ಹಾಕಿಸಿ. ಹಳೆಯ ಪ್ಲೇಯರ್ ಮಾರಬೇಡಿ, ಇರುವ ಸಿನಿಮಾಗಳನ್ನೆಲ್ಲ ಹೊಸ ಡಿಸ್ಕಿನಲ್ಲಿ ಮತ್ತೆ ಕೊಳ್ಳಲು ಈಗಲೇ ಓಡಬೇಡಿ. ಬಾಕ್ಸು, ಥರ್ಮೋಕೋಲು ಜಾಗ ತಿಂದರೂ ಪರವಾಗಿಲ್ಲ, ಆ ಅವಧಿ ಮುಗಿಯುವ ತನಕ ಬಿಸಾಡಬೇಡಿ.