ಕಿವಿತಮಟೆಗೆ ಸ್ವಂತ ರಕ್ತದ ತೇಪೆ

ಮಲೆನಾಡಿನ ಮಳೆಗಾಲವೆಂದರೆ ಕಿವಿಯ ವೈದ್ಯನಿಗೆ ಸೋರುವ ಕಿವಿಗಳ ಕಾಲ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗದ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರಿಗೆ ಚಿಕ್ಕಂದಿನಿಂದಲೂ ತಮಟೆಯಲ್ಲಿ ತೂತಿರುತ್ತದೆ. ಕಿವಿಗೆ ಎಣ್ಣೆ ಬಿಟ್ಟು, ಕೋಳಿ ಪುಕ್ಕದಿಂದ ಕೆರೆದುಕೊಂಡು ವರ್ಷಗಳನ್ನು ಕಳೆದಿರುತ್ತಾರೆ.

ತಮಟೆಯ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಕೆನ್ನೆಗೆ ಬಿದ್ದ ಏಟಿನಿಂದ ಹೊಸದಾಗಿ ಹರಿದದ್ದು ಬಹುಪಾಲು ತಾನಾಗಿಯೇ ಕೂಡಿಕೊಳ್ಳುವುದರಿಂದ, ಮೂರು ತಿಂಗಳು ನಾನು ಅದರ ತಂಟೆಗೆ ಹೋಗುವುದಿಲ್ಲ. ಹಳೆಯ ತೂತು ಹಾಗಲ್ಲ. ಅದರ ಅಂಚಿನ ಸುತ್ತ ಚರ್ಮದ ಪದರ ಬೆಳೆದು ಕುಳಿತಿರುತ್ತದೆ, ಅದನ್ನು ಗಾಯವೆಂದು ದೇಹ ಎಣಿಸುವುದೇ ಇಲ್ಲ. ಕಿವಿಯ ಮೇಲಿನ ಸ್ನಾಯುವಿನ ತೆಳುವಾದ ಹೊದಿಕೆಯನ್ನು ತೆಗೆದು ಕಸಿ ಮಾಡುವುದು ರೂಢಿಯ ಕ್ರಮ, ಒಳ್ಳೆಯ ಕ್ರಮವೂ ಹೌದು. ಆದರೆ ಎರಡು ಮೂರು ಮಿಲಿಮೀಟರಿನ ತೂತಿಗೂ ಕಿವಿಯ ಬಳಿ ಕೊಯ್ಯಬೇಕೇ ಎಂಬ ಹಿಂಜರಿಕೆಯೇ ನನ್ನನ್ನು, ರೋಗಿಯ ರಕ್ತದಿಂದಲೇ ಮಾಡುವ ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್) ಕಡೆಗೆ ಎಳೆಯಿತು. ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ತುಂಬಿದ ಈ ಫೈಬ್ರಿನ್ (ಹೆಪ್ಪಿನ ನಾರು) ಪೊರೆಯನ್ನು ಫ್ರಾನ್ಸಿನ ಜೋಸೆಫ್ ಶುಕ್ರೂನ್ ಮತ್ತು ಸಂಗಡಿಗರು 2001ರಲ್ಲಿ ಬಾಯಿ, ದವಡೆಗಳ ಶಸ್ತ್ರಚಿಕಿತ್ಸೆಗಾಗಿ ವಿವರಿಸಿದ್ದರು.

ಮಾಡುವ ಬಗೆ ಸರಳ, ಆದರೆ ಅವಸರದ್ದು. ರೋಗಿಯ ತೋಳಿನಿಂದ 10 ಮಿಲಿಲೀಟರ್ ರಕ್ತವನ್ನು ಹೆಪ್ಪುರೋಧಕವಿಲ್ಲದ ಗಾಜಿನ ನಳಿಕೆಗೆ ತೆಗೆದು, ಆ ಕ್ಷಣವೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಹತ್ತು ನಿಮಿಷ ತಿರುಗಿಸುತ್ತೇನೆ. ಗಾಜು ತಾಗಿದೊಡನೆ ಹೆಪ್ಪುಗಟ್ಟುವ ಕ್ರಿಯೆ ಆರಂಭವಾಗುವುದರಿಂದ, ತಡಮಾಡಿದರೆ ಪದರಗಳು ಬೇರ್ಪಡುವ ಮೊದಲೇ ಎಲ್ಲವೂ ಒಂದು ಗಡ್ಡೆಯಾಗುತ್ತದೆ. ಸರಿಯಾಗಿ ಬಂದರೆ ಕೆಳಗೆ ಕೆಂಪು ಕಣಗಳು, ಮೇಲೆ ತಿಳಿ ದ್ರವ, ನಡುವೆ ಎಳೆ ತೆಂಗಿನ ಗಂಜಿಯಂಥ ನಸುಹಳದಿ ಹೆಪ್ಪು. ಕೆಂಪು ಭಾಗಕ್ಕೆ ತಾಗಿದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವುದರಿಂದ, ತೆಳುವಾದ ಕೆಂಪು ಗೆರೆಯನ್ನು ಉಳಿಸಿಕೊಂಡೇ ಕತ್ತರಿಸುತ್ತೇನೆ. ಎರಡು ಗಾಜ್ ಬಟ್ಟೆಯ ತುಂಡುಗಳ ನಡುವೆ ಮೆಲ್ಲನೆ ಒತ್ತಿದರೆ ಪೊರೆ ಸಿದ್ಧ.

ಮೊದಲ ಸಲವೇ ನಾನು ಎಡವಿದೆ. ನೇರಳೆ ಮುಚ್ಚಳದ ನಳಿಕೆಯನ್ನು ಗಮನಿಸದೆ ಎತ್ತಿಕೊಂಡಿದ್ದೆ. ಅದರಲ್ಲಿ ಇಡಿಟಿಎ ಎಂಬ ಹೆಪ್ಪುರೋಧಕ ಇರುವುದರಿಂದ ಹೆಪ್ಪು ಕಟ್ಟಲೇ ಇಲ್ಲ. ರೋಗಿ, ಅಡಿಕೆ ಸುಲಿಯುವ ಕೆಲಸದ ಹೆಂಗಸು, ಮತ್ತೊಂದು ತೋಳನ್ನು ಚಾಚುತ್ತಾ, “ನನ್ ರಕ್ತ ನಂಗೇ ತಾನೆ ಡಾಕ್ಟ್ರೇ, ತಗಳಿ” ಎಂದರು. ನಾಚಿಕೆಯಾಯಿತು.

ಆಮೇಲಿನದೆಲ್ಲ ಸೂಕ್ಷ್ಮದರ್ಶಕದಡಿಯ ಕೆಲಸ. ಅರಿವಳಿಕೆ ಕೊಟ್ಟು, ಸಣ್ಣ ಸೂಜಿಯಿಂದ ತೂತಿನ ಅಂಚನ್ನು ಸುತ್ತಲೂ ಕಿತ್ತು ರಕ್ತ ಜಿನುಗುವಂತೆ ಮಾಡುತ್ತೇನೆ. ಈ ಹೆಜ್ಜೆಯಲ್ಲಿ ಜಿಪುಣತನ ತೋರಿದರೆ ಮೇಲೆ ಯಾವ ಪೊರೆ ಇಟ್ಟರೂ ವ್ಯರ್ಥ, ಏಕೆಂದರೆ ಪ್ಲೇಟ್‌ಲೆಟ್‌ಗಳಿಂದ ದಿನಗಟ್ಟಲೆ ಒಸರುವ ಬೆಳವಣಿಗೆಯ ಅಂಶಗಳು ಕೆಲಸ ಮಾಡುವುದು ಹಸಿ ಅಂಚಿನ ಜೀವಕೋಶಗಳ ಮೇಲೆ. ಬಳಿಕ ತೂತಿಗಿಂತ ತುಸು ದೊಡ್ಡದಾದ ಪೊರೆಯನ್ನು ಹೊದಿಸಿ, ಮೇಲೆ ಜೆಲ್‌ಫೋಮ್ ಎಂಬ, ತಾನಾಗಿ ಕರಗುವ ಸ್ಪಂಜಿನ ಚೂರುಗಳನ್ನು ಇಡುತ್ತೇನೆ. ಕಿವಿಗೆ ನೀರು ತಾಗಕೂಡದು, ಮೂಗನ್ನು ಜೋರಾಗಿ ಸೀಟಬಾರದು.

ಆ ಹೆಂಗಸಿನ ತಮಟೆ ಆರು ವಾರಗಳಲ್ಲಿ ಮುಚ್ಚಿತ್ತು. ಮೂರನೆಯ ತಿಂಗಳ ಶ್ರವಣ ಪರೀಕ್ಷೆಯಲ್ಲಿ ಕೇಳುವಿಕೆಯೂ ಸುಧಾರಿಸಿತ್ತು. ಎಲ್ಲರದೂ ಹೀಗಾಗಲಿಲ್ಲ. ಆಗುಂಬೆ ಕಡೆಯ ಯುವಕನೊಬ್ಬನ ಒತ್ತಾಯಕ್ಕೆ ಮಣಿದು, ಕಿವಿ ಸೋರುವುದು ನಿಂತು ವಾರವೂ ಆಗಿರದಾಗ ಜುಲೈನಲ್ಲಿ ಪೊರೆ ಇಟ್ಟೆ. ಹತ್ತನೆಯ ದಿನ ಅದು ಕೀವಿನೊಂದಿಗೆ ಕರಗಿ ಹೊರಬಂತು, ತೂತು ಹಿಂದಿಗಿಂತ ಅಗಲವಾಯಿತು. ಈಗ ತಮಟೆಯ ಅರ್ಧದಷ್ಟಿರುವ ಆ ತೂತಿಗೆ ರಕ್ತದ ಪೊರೆಯೊಂದೇ ಸಾಲದು. ದೀಪಾವಳಿ ಕಳೆದು ಕಿವಿ ಚೆನ್ನಾಗಿ ಒಣಗಿದ ಮೇಲೆ ಸ್ನಾಯುವಿನ ಹೊದಿಕೆಯನ್ನೇ ಕಸಿ ಮಾಡಿ, ಅದರ ಮೇಲೆ ಪಿಆರ್‌ಎಫ್ ಹೊದಿಸುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.